ಒಂದು ವರ್ಷ ಮುಟ್ಟದ್ದನ್ನೆಲ್ಲ ಬಿಸಾಡಬೇಕೇ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಮನೆಯ ಒಪ್ಪ ಓರಣದ ಬಗ್ಗೆ ಆಗಾಗ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಬೆಂಗಳೂರಿನಲ್ಲಿ ಒಳಾಂಗಣ ವಿನ್ಯಾಸವನ್ನೇ ಜೀವನೋಪಾಯ ಮಾಡಿಕೊಂಡಿರುವ ನನಗೆ ಅವು ಒಂದು ರೀತಿಯಲ್ಲಿ ಕಸುಬಿನ ಸುದ್ದಿ. ಆ ಲೇಖನಗಳಲ್ಲಿ ಒಂದು ಸಲಹೆ ಮಾತ್ರ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಂದು ವರ್ಷದಿಂದ ಮುಟ್ಟದ ವಸ್ತು ಮನೆಯಲ್ಲಿದ್ದರೆ ಅದನ್ನು ಯಾರಿಗಾದರೂ ಕೊಡಿ, ಇಲ್ಲವೇ ಬಿಸಾಡಿ. ಈ ಸಲಹೆ ನಮ್ಮ ಮನೆಗಳಿಗೆ ಒಗ್ಗುವುದಿಲ್ಲ. ಮನೆ ಕಿಕ್ಕಿರಿದು ಕಾಣುವುದಕ್ಕೆ ಸಾಮಾನು ಹೆಚ್ಚಾಗಿರುವುದಕ್ಕಿಂತ, ಸಾಮಾನಿನ ಅಳತೆ ತೆಗೆಯದೆ ಕಪಾಟು ಮಾಡಿಸುವುದೇ ದೊಡ್ಡ ಕಾರಣ. ಈ ಎರಡು ವಿಚಾರಗಳನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ನಮ್ಮ ಮನೆಗಳಲ್ಲಿ ಎಷ್ಟೋ ವಸ್ತುಗಳು ಇರುವುದೇ ವರ್ಷಕ್ಕೊಮ್ಮೆ ಹೊರಬರುವುದಕ್ಕೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳು, ಗೌರಿ ಗಣೇಶ ಹಬ್ಬದ ಮಂಟಪ, ನವರಾತ್ರಿಯ ಗೊಂಬೆಗಳು ಮತ್ತು ಅವನ್ನು ಕೂರಿಸುವ ಮೆಟ್ಟಿಲು, ದೀಪಾವಳಿಗೆ ನೀರು ತುಂಬುವ ತಾಮ್ರದ ಹಂಡೆ, ಬೇಸಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸುವ ಚಾಪೆ, ಶಾವಿಗೆ ಒರಳು, ಶ್ರಾದ್ಧದ ದಿನಕ್ಕೆಂದೇ ತೆಗೆದಿಟ್ಟ ಪಾತ್ರೆಗಳು, ಊರಿನಿಂದ ನೆಂಟರು ಬಂದರೆ ಹಾಸಲು ಬೇಕಾದ ಹಾಸಿಗೆ ಸುರುಳಿ ಇವುಗಳಿಗೆಲ್ಲ ಹನ್ನೆರಡು ತಿಂಗಳ ಗಡುವು ಹಾಕಿದರೆ ಮುಂದಿನ ಹಬ್ಬಕ್ಕೆ ಅದನ್ನೇ ಮತ್ತೆ ಕೊಳ್ಳಬೇಕಾಗುತ್ತದೆ. ತೊಟ್ಟಿಲಂತೂ ಒಂದು ಮನೆಯಲ್ಲಿ ಹತ್ತು ವರ್ಷ ಸುಮ್ಮನಿದ್ದು, ಬಳಿಕ ಬಂಧುಗಳ ಮೂರು ನಾಲ್ಕು ಮನೆ ಸುತ್ತಿ ಬರುವ ವಸ್ತು. ಬಳಕೆ ವಿರಳವೆಂಬ ಕಾರಣಕ್ಕೆ ಅದನ್ನು ಕಸವೆಂದು ಕರೆಯುವುದು ಲೆಕ್ಕಾಚಾರವಾಗಿಯೂ ಸರಿಯಲ್ಲ.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹೋಟೆಲಿನಿಂದ ತಿಂಡಿ ತರಿಸಿದಾಗ ಬಂದ ಪ್ಲಾಸ್ಟಿಕ್ ಡಬ್ಬಿಗಳು, ಮುಚ್ಚಳ ಕಳೆದುಕೊಂಡ ಪಾತ್ರೆಗಳು, ವಾರಂಟಿ ಮುಗಿದ ಮಿಕ್ಸಿ ಟಿವಿಗಳ ರಟ್ಟಿನ ಪೆಟ್ಟಿಗೆಗಳು, ಯಾವ ಫೋನಿಗೂ ಹೊಂದದ ಚಾರ್ಜರುಗಳು, ಮದುವೆ ಮುಂಜಿಗಳಲ್ಲಿ ತಾಂಬೂಲದ ಜೊತೆ ಬಂದ ಒಂದೇ ಬಗೆಯ ಹತ್ತಾರು ಸ್ಟೀಲ್ ಬಟ್ಟಲುಗಳು, ಬಟ್ಟೆ ಅಂಗಡಿಯ ಕೈಚೀಲಗಳು ಇವು ಹೊರಡಬೇಕಾದವು. ಆದ್ದರಿಂದ ಗ್ರಾಹಕರಿಗೆ ನಾನು ಕೇಳುವ ಪ್ರಶ್ನೆ, ‘ಇದನ್ನು ಕೊನೆಯ ಸಲ ಯಾವಾಗ ಬಳಸಿದಿರಿ’ ಎಂದಲ್ಲ. ‘ಇದೇ ಕೆಲಸವನ್ನು ಮಾಡುವ ಇನ್ನೊಂದು ನಿಮ್ಮಲ್ಲಿ ಇದೆಯೇ’ ಎಂದು. ಈ ಪ್ರಶ್ನೆಗೆ ಮನೆಯ ಹಿರಿಯರೂ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ವರ್ಷದ ಗಡುವು ಹೇಳಿದರೆ ಅತ್ತೆ ಸೊಸೆಯರ ನಡುವೆ ಮಾತು ಬೆಳೆದು, ನಾವು ಅಳತೆ ಟೇಪು ಮಡಿಸಿಕೊಂಡು ಹೊರಡಬೇಕಾದೀತು.

ಇನ್ನು ಕಪಾಟಿನ ವಿಷಯ. ನಮ್ಮ ಕಸುಬಿನಲ್ಲಿ ದರ ಹೇಳುವ ಕ್ರಮವನ್ನು ಓದುಗರು ತಿಳಿದುಕೊಂಡಿರುವುದು ಒಳ್ಳೆಯದು. ಬಡಗಿಯವರಾಗಲಿ, ಫ್ಯಾಕ್ಟರಿಯಲ್ಲಿ ತಯಾರಿಸಿ ತಂದು ಜೋಡಿಸುವ ಸಂಸ್ಥೆಗಳಾಗಲಿ ವಾರ್ಡ್‌ರೋಬಿಗೆ ಸಾಮಾನ್ಯವಾಗಿ ದರ ಹೇಳುವುದು ಎದುರಿನಿಂದ ಕಾಣುವ ಚದರ ಅಡಿಗೆ, ಅಂದರೆ ಎತ್ತರವನ್ನು ಅಗಲದಿಂದ ಗುಣಿಸಿದ ಲೆಕ್ಕಕ್ಕೆ. ಏಳು ಅಡಿ ಎತ್ತರ, ಆರು ಅಡಿ ಅಗಲದ ಕಪಾಟು ಎಂದರೆ 42 ಚದರ ಅಡಿ. ಅದರೊಳಗೆ ಎಷ್ಟು ಹಲಗೆ, ಯಾವ ಎತ್ತರಕ್ಕೆ, ಎಷ್ಟು ಡ್ರಾಯರ್ ಎಂಬುದು ಹೆಚ್ಚಾಗಿ ಆ ದರದ ಹೊರಗೆ ಉಳಿಯುತ್ತದೆ ಅಥವಾ ಹೆಚ್ಚುವರಿ ಎಂದು ಕೊನೆಗೆ ಸೇರುತ್ತದೆ. ಹೀಗಾಗಿ ಗೋಡೆಯನ್ನು ಎಷ್ಟು ಮುಚ್ಚಿದರೆ ಅಷ್ಟು ಹಣ ಎಂಬ ಲೆಕ್ಕ ಮಾರುವವರ ಕಡೆ ಇರುತ್ತದೆ. ಒಳಗಿನ ವಿಂಗಡಣೆಯ ಬಗ್ಗೆ ಯೋಚಿಸುವ ಹೊಣೆ ಯಾರ ಮೇಲೂ ಇರುವುದಿಲ್ಲ. ಹೊರಗೆ ಹೊಳೆಯುವ ಲ್ಯಾಮಿನೇಟ್ (ಹಲಗೆಯ ಮೇಲೆ ಅಂಟಿಸುವ ತೆಳು ಹಾಳೆ), ಒಳಗೆ ಒಂದೂವರೆ ಅಡಿಗೊಂದು ಹಲಗೆ, ಆ ಹಲಗೆಯ ಮೇಲೆ ಕುಸಿದು ಬೀಳುವಷ್ಟು ಎತ್ತರದ ಬಟ್ಟೆಯ ರಾಶಿ, ಇದನ್ನು ನಾನು ಹೊಸ ಮನೆಗಳಲ್ಲಿಯೇ ಕಂಡಿದ್ದೇನೆ. ದರಪಟ್ಟಿ ಕೇಳುವಾಗ ಎದುರಿನ ಚಿತ್ರದ ಜೊತೆಗೆ ಬಾಗಿಲು ತೆಗೆದಾಗ ಕಾಣುವ ಒಳಗಿನ ಚಿತ್ರವನ್ನೂ, ಪ್ರತಿ ಹಲಗೆಯ ಎತ್ತರ ಮತ್ತು ಆಳದ ಅಳತೆಯೊಂದಿಗೆ, ಬರಹದಲ್ಲಿ ಪಡೆಯಬೇಕು.

ಅಳತೆಗಳಲ್ಲಿ ಜನರು ಬಹಳವಾಗಿ ಕಡೆಗಣಿಸುವುದು ಆಳವನ್ನು. ಹ್ಯಾಂಗರಿಗೆ ಹಾಕಿದ ಅಂಗಿ ಬಾಗಿಲಿಗೆ ತಾಗದಂತೆ ತೂಗಬೇಕಾದರೆ 22ರಿಂದ 24 ಇಂಚು ಆಳ ಬೇಕು, ನಿಜ. ಆದರೆ ಮಡಿಸಿದ ಸೀರೆಗೆ 14ರಿಂದ 16 ಇಂಚು ಸಾಕು. ಎಲ್ಲವನ್ನೂ 24 ಇಂಚಿಗೆ ಮಾಡಿಸಿದಾಗ ಸೀರೆಗಳು ಎರಡು ಸಾಲಾಗಿ ಕೂರುತ್ತವೆ. ಹಿಂದಿನ ಸಾಲು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದನ್ನು ಉಡುವುದಿಲ್ಲ, ಉಡದೇ ಇದ್ದದ್ದು ಮುಂದೊಂದು ದಿನ ‘ವರ್ಷದಿಂದ ಮುಟ್ಟದ ವಸ್ತು’ ಎನಿಸಿಕೊಳ್ಳುತ್ತದೆ. ಈಗಾಗಲೇ ಆಳವಾದ ಕಪಾಟು ಇರುವವರು ಅದನ್ನು ಒಡೆಸಬೇಕಾಗಿಲ್ಲ. ಮಡಿಕೆಯ ಬಟ್ಟೆಗಳ ಹಲಗೆಗಳಿಗೆ ಚಾನೆಲ್ (ಜಾರಿ ಮುಂದೆ ಬರಲು ಪಕ್ಕಕ್ಕೆ ಹಾಕುವ ಲೋಹದ ಹಳಿ) ಹಾಕಿಸಿ, ಎಳೆದರೆ ಪೂರ್ತಿ ಮುಂದೆ ಬರುವ ತಟ್ಟೆಗಳನ್ನಾಗಿ ಬದಲಿಸಿದರೆ ಹಿಂದಿನ ಸಾಲೂ ಕೈಗೆ ಬರುತ್ತದೆ. ಹಲಗೆಗಳ ನಡುವೆ ಹತ್ತು ಹನ್ನೆರಡು ಇಂಚು ಅಂತರವಿದ್ದರೆ ಸೀರೆಯ ರಾಶಿ ಉರುಳುವುದಿಲ್ಲ. ರೇಷ್ಮೆ ಸೀರೆಗಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿಡಬೇಕು. ಡಾಂಬರು ಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಬೇಕು. ಪುಸ್ತಕದ ಹಲಗೆಗಳಿಗಾದರೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡಾದರೂ ಎರಡೂವರೆ ಅಡಿಗೊಮ್ಮೆ ಕೆಳಗಿನಿಂದ ಆಧಾರ ಕೊಡಿಸುವುದು ಕ್ಷೇಮ. ಇಲ್ಲದಿದ್ದರೆ ಕಾಲಕ್ರಮೇಣ ನಡುವೆ ಬಾಗುತ್ತದೆ.

ಅಡುಗೆಮನೆಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಮನೆಯ ಬಹುಪಾಲು ಸಾಮಾನು ಅಲ್ಲಿದೆ, ಬಹುಪಾಲು ದುಡ್ಡೂ ಅಲ್ಲಿಯೇ ಹೋಗುತ್ತದೆ. ಕಟ್ಟೆಯ ಎತ್ತರವನ್ನು ಎಲ್ಲರಿಗೂ 34 ಇಂಚು ಎಂದು ಬರೆದುಬಿಡುವುದು ರೂಢಿ. ಆದರೆ ಅಡುಗೆ ಮಾಡುವವರು ನಿಂತು ಮೊಣಕೈ ಮಡಿಸಿದಾಗ ನೆಲದಿಂದ ಮೊಣಕೈಗೆ ಎಷ್ಟು ಎತ್ತರವೋ ಅದಕ್ಕಿಂತ ಸುಮಾರು ನಾಲ್ಕು ಇಂಚು ಕೆಳಗೆ ಕಟ್ಟೆ ಇದ್ದರೆ ಹೆಚ್ಚುವುದಕ್ಕೂ ಲಟ್ಟಿಸುವುದಕ್ಕೂ ಭುಜ ನೋಯುವುದಿಲ್ಲ. ಒಲೆಯ ಮೇಲೆ ಎತ್ತರದ ಕುಕ್ಕರು ಅಥವಾ ಇಡ್ಲಿ ಪಾತ್ರೆ ಕೂರುವ ಮನೆಯಲ್ಲಿ ಒಲೆಯ ಭಾಗವನ್ನು ಇನ್ನೂ ಎರಡು ಇಂಚು ತಗ್ಗಿಸಿದರೂ ತಪ್ಪಿಲ್ಲ. ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ತಗ್ಗಾದ ಭಾಗವೊಂದು ಬೇಕೇ ಬೇಕು. ಧಾರವಾಡ, ಕಲಬುರಗಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬಗಳಿಗೆ ಸಿದ್ಧ ನಕ್ಷೆಯ ಅಡುಗೆಮನೆ ಕೊಟ್ಟವರು ಈ ಪ್ರಶ್ನೆಯನ್ನು ಕೇಳಿರುವುದೇ ಇಲ್ಲ. ಒಣಗಿದ ರೊಟ್ಟಿಯ ಬುಟ್ಟಿಗೆ ಗಾಳಿಯಾಡುವ ಜಾಗವೂ ಆ ನಕ್ಷೆಯಲ್ಲಿ ಇರುವುದಿಲ್ಲ.

ವೆಟ್ ಗ್ರೈಂಡರ್ ಹತ್ತು ಕಿಲೋಗೂ ಮೀರಿದ ವಸ್ತು. ಅದನ್ನು ಕಟ್ಟೆಯ ಕೆಳಗಿನ ಕಪಾಟಿನೊಳಗೆ ಇಡುವಂತೆ ಚಿತ್ರ ಬರೆದವರು ಅದನ್ನು ವಾರಕ್ಕೆರಡು ಸಲ ಬಗ್ಗಿ ಎತ್ತುವವರಲ್ಲ. ಅದಕ್ಕೆ ಕಟ್ಟೆಯ ಮೇಲೆಯೇ, ಪಕ್ಕದಲ್ಲಿ ಪ್ಲಗ್ ಇರುವ ಮೂಲೆಯೊಂದನ್ನು ಮೊದಲೇ ಮೀಸಲಿಡಬೇಕು. ತಿಂಗಳ ದಿನಸಿಯಲ್ಲಿ ಅತಿ ಭಾರದ್ದು ಅಕ್ಕಿ. 25 ಕಿಲೋ ಅಕ್ಕಿ ತುಂಬಲು ಮೂವತ್ತು ಲೀಟರಿಗೂ ಮೀರಿದ ಡ್ರಮ್ಮು ಬೇಕು. ಕಟ್ಟೆಯ ಕೆಳಗೆ ಒಂದು ಅಂಕಣವನ್ನು ತಳದ ಹಲಗೆ ಇಲ್ಲದೆ ಬಿಟ್ಟು, ಚಕ್ರದ ಮಣೆಯ ಮೇಲೆ ಆ ಡ್ರಮ್ಮನ್ನು ನಿಲ್ಲಿಸಿದರೆ ಹೊರಗೆಳೆಯುವುದೂ ಸುಲಭ, ಅಡಿ ಒರೆಸುವುದೂ ಸುಲಭ. ಬೇಳೆ ಕಾಳುಗಳ ಸ್ಟೀಲ್ ಡಬ್ಬಿಗಳಿಗೆ ತಲೆಯ ಮಟ್ಟದ 12 ಇಂಚು ಆಳದ ಗೋಡೆ ಕಪಾಟೇ ಸರಿಯಾದ ಜಾಗ, ಅಲ್ಲಿ ಒಂದರ ಹಿಂದೆ ಒಂದು ಅಡಗುವುದಿಲ್ಲ. ಒಗ್ಗರಣೆ ಡಬ್ಬಿ, ಸೌಟು, ಬಾಣಲೆ ಒಲೆಯಿಂದ ಒಂದು ಕೈ ದೂರದಲ್ಲಿರಬೇಕು. ಪಾತ್ರೆಗಳ ಡ್ರಾಯರುಗಳಿಗೆ ಹಾಕುವ ಚಾನೆಲ್ ಎಷ್ಟು ತೂಕ ತಾಳುತ್ತದೆಂಬುದನ್ನು ಕೇಳಿಯೇ ಕೊಳ್ಳಬೇಕು. ಕುಕ್ಕರುಗಳು ತುಂಬಿದ ಡ್ರಾಯರಿಗೆ ಹಗುರ ಚಾನೆಲ್ ಹಾಕಿದರೆ ವರ್ಷದೊಳಗೆ ಜೋತುಬೀಳುತ್ತದೆ.

ಗ್ಯಾಸ್ ಸಿಲಿಂಡರಿನ ಬಗ್ಗೆ ಬರೆಯುವಾಗ ಅಂದಚಂದದ ಮಾತು ಬದಿಗಿಡಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ‘ಕಾಣದಂತೆ’ ಮಾಡಿಕೊಡಿ ಎಂದು ಹಲವರು ಕೇಳುತ್ತಾರೆ, ಹಲವು ವಿನ್ಯಾಸಕರು ಕಟ್ಟೆಯ ಕೆಳಗೆ ನಾಲ್ಕೂ ಕಡೆ ಮುಚ್ಚಿ ಕೊಟ್ಟೂಬಿಡುತ್ತಾರೆ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇರಿ ಕಿಟಕಿಯಿಂದ ಹೊರಹೋಗದೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದರ ವಾಸನೆ ನಮ್ಮ ಮೂಗಿಗೆ ತಡವಾಗಿ ಬರುತ್ತದೆ. ಸಿಲಿಂಡರನ್ನು ಹೊರಗಿನ ಯುಟಿಲಿಟಿಯಲ್ಲಿ, ಅಂದರೆ ಅಡುಗೆಮನೆಗೆ ಹೊಂದಿಕೊಂಡು ಪಾತ್ರೆ ಬಟ್ಟೆ ತೊಳೆಯಲು ಬಿಟ್ಟ ಜಾಗದಲ್ಲಿ, ನೆರಳಿನಲ್ಲಿಟ್ಟು ಸರಿಯಾದ ಪೈಪಿನ ಮೂಲಕ ಒಳತರುವುದು ಉತ್ತಮ. ಕಟ್ಟೆಯ ಕೆಳಗೇ ಇಡುವುದು ಅನಿವಾರ್ಯವಾದರೆ ಆ ಅಂಕಣಕ್ಕೆ ಬಾಗಿಲನ್ನೇ ಹಾಕಿಸಬಾರದು, ಅಥವಾ ನೆಲಕ್ಕೆ ತಾಗಿದಂತೆಯೂ ಮೇಲ್ಭಾಗದಲ್ಲಿಯೂ ಧಾರಾಳವಾದ ಜಾಲರಿ ಇರುವ ಬಾಗಿಲು ಇರಬೇಕು. ರೆಗ್ಯುಲೇಟರಿಗೆ ಕೈ ನೇರವಾಗಿ ಎಟುಕಬೇಕು, ಅದರ ಮುಂದೆ ಡ್ರಾಯರ್ ಬರಬಾರದು. ರಬ್ಬರ್ ಪೈಪಿನ ಮೇಲೆ ಮುದ್ರಿತವಾದ ಅವಧಿಯನ್ನು ನೋಡುವ ಅಭ್ಯಾಸವೂ ಬೇಕು.

ಕಸದ ಬುಟ್ಟಿಯನ್ನು ವಿನ್ಯಾಸದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಎರಡು ಬುಟ್ಟಿ ಒಂದು ಚೀಲದ ಪದ್ಧತಿ ಬಂದು ವರ್ಷಗಳಾದವು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡಿನಂಥ ನೈರ್ಮಲ್ಯ ಸಂಬಂಧಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಆದರೆ ಇಂದಿಗೂ ಮಾರಾಟವಾಗುವ ಸಿದ್ಧ ಅಡುಗೆಮನೆಗಳಲ್ಲಿ ಸಿಂಕಿನ ಕೆಳಗೆ ಬಾಗಿಲಿಗೆ ತೂಗುಹಾಕಿದ ಒಂದೇ ಒಂದು ಪುಟ್ಟ ಬುಟ್ಟಿ ಇರುತ್ತದೆ. ಒಣ ಕಸ ಹಲವೆಡೆ ದಿನವೂ ಹೋಗುವುದಿಲ್ಲವಾದ್ದರಿಂದ ಅದರ ಚೀಲವೇ ಎಲ್ಲಕ್ಕಿಂತ ದೊಡ್ಡ ಜಾಗ ಬೇಡುತ್ತದೆ. ಯುಟಿಲಿಟಿಯ ಗೋಡೆಗೆ ಎರಡು ಗಟ್ಟಿ ಕೊಕ್ಕೆ ಹೊಡೆಸಿದರೆ ಆ ಚೀಲದ ಸಮಸ್ಯೆ ಮುಗಿಯಿತು. ಇದಕ್ಕೆ ವಿನ್ಯಾಸಕರೂ ಬೇಕಾಗಿಲ್ಲ.

ಮರಮುಟ್ಟಿನ ಆಯ್ಕೆಯಲ್ಲಿ ಒಂದೇ ಮಾತು ನೆನಪಿಡಬೇಕು: ನೀರು ಎಲ್ಲಿದೆಯೋ ಅಲ್ಲಿ ಖರ್ಚು ಮಾಡಿ, ಇಲ್ಲದ ಕಡೆ ಉಳಿಸಿ. ಸಿಂಕಿನ ಸುತ್ತ ಮತ್ತು ಬಚ್ಚಲಿನ ಗೋಡೆಗೆ ಒತ್ತಿರುವ ಕಪಾಟುಗಳಿಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳುವ ಮೆರೈನ್ ಪ್ಲೈವುಡ್ ಹಾಕಿಸುವುದು ಸಾರ್ಥಕ. ಹಾಳೆಯ ಮೇಲೆ ಐಎಸ್‌ಐ ಮುದ್ರೆಯನ್ನೂ ಪರವಾನಗಿ ಸಂಖ್ಯೆಯನ್ನೂ, ಅದನ್ನು ಕತ್ತರಿಸುವ ಮುಂಚೆ, ಕಣ್ಣಾರೆ ನೋಡಬೇಕು. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆಯೆಂದು ನನಗೂ ಹೇಳಲಾಗದು. ಮಲಗುವ ಕೋಣೆಯ ಒಣ ಗೋಡೆಗೆ ಅಷ್ಟು ದುಬಾರಿ ಹಲಗೆ ಬೇಕಿಲ್ಲ. ಅಡುಗೆಮನೆಯ ಕೆಳಭಾಗಕ್ಕೆ ನನ್ನ ಸ್ವಂತ ಒಲವು ಹಳೆಯ ಕಡಪ ಕಲ್ಲಿನ ಕಡೆಗೆ: ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಅಡ್ಡ ಹಾಕಿ ಅಂಕಣಗಳನ್ನು ಮಾಡಿ, ಮುಂದೆ ಬಾಗಿಲು ಮಾತ್ರ ಹಚ್ಚುವುದು. ಅದು ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಖರ್ಚೂ ಕಡಿಮೆ. ಫ್ಯಾಕ್ಟರಿಯಲ್ಲಿ ತಯಾರಾಗುವ ವಸ್ತುವಲ್ಲವಾದ್ದರಿಂದ ಅದನ್ನು ನಿಮಗೆ ಯಾರೂ ಜಾಹೀರಾತು ಕೊಟ್ಟು ಮಾರುವುದಿಲ್ಲ, ಅಷ್ಟೇ. ಎಳೆಯುವ ಡ್ರಾಯರುಗಳಿಗೆ ಅದು ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಸಿಂಕಿನ ಕೆಳಗೆ ಮತ್ತು ಅಕ್ಕಿಯ ಅಂಕಣಕ್ಕೆ ಕಲ್ಲು, ಒಲೆಯ ಎರಡೂ ಪಕ್ಕಕ್ಕೆ ಪ್ಲೈವುಡ್ ಎಂದು ಹಂಚಿಕೊಳ್ಳಬಹುದು. ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಬೆಂಗಳೂರಿನ ಚಿತ್ರಗಳು ಇನ್ನಷ್ಟು ದಾರಿ ತಪ್ಪಿಸುತ್ತವೆ. ಆಷಾಢ ಶ್ರಾವಣದ ಮಳೆಗೆ ಅಲ್ಲಿ ಮುಚ್ಚಿದ ಕಪಾಟಿನೊಳಗೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ಕಪಾಟನ್ನು ಒತ್ತಿಸದೆ ಒಂದೆರಡು ಇಂಚು ಬಿಡುವುದು, ಬಾಗಿಲುಗಳಿಗೆ ಗಾಳಿಯಾಡುವ ಪಟ್ಟಿಗಳನ್ನು ಕೊಡುವುದು ಅಲ್ಲಿ ಅಲಂಕಾರಕ್ಕಿಂತ ಮೊದಲ ಕೆಲಸ.

ವರ್ಷಕ್ಕೊಮ್ಮೆಯ ವಸ್ತುಗಳಿಗೆ ಅಟ್ಟವೇ ಮನೆ. ದಿನವೂ ಬೇಕಾದದ್ದು ಮೊಣಕಾಲಿನಿಂದ ಭುಜದ ಮಟ್ಟದೊಳಗೆ, ತಿಂಗಳಿಗೊಮ್ಮೆಯದು ಅದರ ಕೆಳಗೆ ಅಥವಾ ತಲೆಯ ಮಟ್ಟದಲ್ಲಿ, ವರ್ಷಕ್ಕೊಮ್ಮೆಯದು ಅಟ್ಟದಲ್ಲಿ ಎಂಬ ಕ್ರಮಕ್ಕೆ ಮನೆಯವರೆಲ್ಲ ಒಪ್ಪಿದರೆ ಅರ್ಧ ಜಗಳ ಕಡಿಮೆ. ಆದರೆ ಅಟ್ಟಕ್ಕೆ ತುಂಬುವ ರೀತಿ ಮುಖ್ಯ. ಒಂದು ಹಬ್ಬಕ್ಕೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಎದುರಿಗೆ ದಪ್ಪ ಅಕ್ಷರದಲ್ಲಿ ಹೆಸರು, ಒಬ್ಬರೇ ಇಳಿಸಬಹುದಾದಷ್ಟು ತೂಕ; ಜೊತೆಗೆ, ಮುಂದೆ ಬರುವ ಹಬ್ಬದ ಪೆಟ್ಟಿಗೆ ಮುಂದಿನ ಸಾಲಿನಲ್ಲಿರಬೇಕು. ಪಟ್ಟದ ಗೊಂಬೆಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಒಂದೊಂದಾಗಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿಡುವ ನಮ್ಮ ಅಜ್ಜಿಯಂದಿರ ಕ್ರಮಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಕಾಗದಪತ್ರ, ಫೋಟೊ, ಪುಸ್ತಕಗಳನ್ನು ಬಚ್ಚಲಿನ ಮೇಲಿನ ಅಟ್ಟದಲ್ಲಿಡಬಾರದು, ಅಲ್ಲಿ ತೇವ ಸದಾ ಇರುತ್ತದೆ. ಅಟ್ಟ ಮಾಡಿಸಿದವರು ಅದನ್ನು ಹತ್ತುವ ಏಣಿಯನ್ನೂ ಕೊಳ್ಳಬೇಕು, ಅದನ್ನು ಇಡುವ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತುವ ಹಿರಿಯರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಂಚದ ಕೆಳಗಿನ ಪೆಟ್ಟಿಗೆಯೂ ಅಪರೂಪದ ವಸ್ತುಗಳಿಗೇ ಸರಿ, ಏಕೆಂದರೆ ಹಾಸಿಗೆ ಸಮೇತ ಹಲಗೆ ಎತ್ತುವುದು ವಯಸ್ಸಾದವರಿಂದ ಆಗದು.

ಕೊನೆಯದಾಗಿ, ಫ್ಲ್ಯಾಟ್ ಕೊಳ್ಳುವವರಿಗೆ. ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಫ್ಲ್ಯಾಟಿನೊಳಗೆ ಬಳಕೆಗೆ ಸಿಗುವ ನೆಲದ ಅಳತೆಯಲ್ಲಿ, ಒಳಗಿನ ಅಡ್ಡಗೋಡೆಗಳ ಜಾಗ ಸೇರುತ್ತದೆ. ಹೊರಗೋಡೆ, ಬಾಲ್ಕನಿ, ಪೈಪುಗಳು ಹಾಯುವ ಶಾಫ್ಟು ಸೇರುವುದಿಲ್ಲ. ಕೈಯಲ್ಲಿ ಬಿಲ್ಡರ್ ಕೊಟ್ಟ ಬಣ್ಣದ ಕೈಪಿಡಿ ಹಿಡಿದು ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ, ಅಂದರೆ ಗೋಡೆ, ಮೆಟ್ಟಿಲು, ಲಿಫ್ಟುಗಳ ಪಾಲನ್ನೂ ಸೇರಿಸಿದ ಅಳತೆಯಲ್ಲಿ, ಕಪಾಟುಗಳ ಕನಸು ಕಾಣಬಾರದು. ಆ ಕೈಪಿಡಿಯ ನಕ್ಷೆಗಳಲ್ಲಿ ಮಂಚ ಸೋಫಾಗಳನ್ನು ನಿಜ ಅಳತೆಗಿಂತ ಚಿಕ್ಕದಾಗಿ ಬರೆದಿರುವುದನ್ನೂ ನಾನು ಕಂಡಿದ್ದೇನೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಿಲಿಂಡರ್, ವಾಷಿಂಗ್ ಮಷಿನ್, ಕಸದ ಬುಟ್ಟಿ, ಪೊರಕೆ ಮತ್ತು ಬಕೆಟ್, ಚಪ್ಪಲಿ ಗೂಡು, ಏಣಿ, ದೇವರ ಮನೆ ಇವು ಎಲ್ಲೆಲ್ಲಿ ಎಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಬರೆದು ನೋಡಬೇಕು. ವಾಷಿಂಗ್ ಮಷಿನ್ ಸುಮಾರು ಎರಡು ಅಡಿ ಚೌಕದ ವಸ್ತು, ಹಿಂದೆ ಪೈಪಿಗೆ ಮತ್ತೆರಡು ಮೂರು ಇಂಚು ಬೇಕು. ಮೂರಡಿ ಅಗಲದ ಯುಟಿಲಿಟಿಯಲ್ಲಿ ಮುಂದೆ ಬಾಗಿಲಿರುವ ಮಷಿನ್ ಇಟ್ಟರೆ ಅದರ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಚಪ್ಪಲಿ ಗೂಡನ್ನು ಹೊರಗಿನ ಸಾಮೂಹಿಕ ಓಣಿಗೆ ತಳ್ಳುವುದು ರೂಢಿಯಾಗಿದೆ, ಆದರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಎಲ್ಲರೂ ಓಡಬೇಕಾದ ದಾರಿ ಅದು. ವಾಸ್ತು ನೋಡುವವರು ಒಲೆಯ ದಿಕ್ಕನ್ನು ಮೊದಲು ನಿಶ್ಚಯಿಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಒಲೆಯ ಜಾಗ ಗೊತ್ತಾದ ದಿನವೇ ಸಿಂಕು ಮತ್ತು ಸಿಲಿಂಡರಿನ ಜಾಗವನ್ನೂ ಬರೆಸಿಕೊಳ್ಳಿ ಎಂಬುದಷ್ಟೇ ಕೋರಿಕೆ.

ತಮ್ಮಲ್ಲಿಯೂ ಒಂದು ವಿನಂತಿ ಇದೆ. ಪುರವಣಿಯಲ್ಲಿ ಮನೆಗಳ ಚಿತ್ರ ಪ್ರಕಟಿಸುವಾಗ ಅದರ ಪಕ್ಕದಲ್ಲಿ ಕೋಣೆಯ ಉದ್ದಗಲ, ಕಪಾಟಿನ ಆಳ, ಬಳಸಿದ ಹಲಗೆಯ ದರ್ಜೆ ಮತ್ತು ಆ ಮನೆಯಲ್ಲಿ ವಾಸಿಸುವವರ ಸಂಖ್ಯೆಯನ್ನು ನಾಲ್ಕು ಸಾಲಿನಲ್ಲಿ ಮುದ್ರಿಸಬೇಕು. ಬಾಗಿಲು ಮುಚ್ಚಿದ ಕಪಾಟಿನ ಜೊತೆಗೆ ಅದೇ ಕಪಾಟಿನ ಬಾಗಿಲು ತೆರೆದ ಚಿತ್ರವೊಂದನ್ನೂ, ಸಾಮಾನು ತುಂಬಿರುವ ಸ್ಥಿತಿಯಲ್ಲಿಯೇ, ಹಾಕಿಸಬೇಕು. ಇಂಥ ಅಳತೆಗಳನ್ನು ಕೊಡಲು ನನ್ನಂಥ ಅನೇಕ ವೃತ್ತಿನಿರತರು ಸಿದ್ಧರಿದ್ದಾರೆ, ಸಂಭಾವನೆಯ ಮಾತೇನೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಒಳಾಂಗಣ ವಿನ್ಯಾಸಕಿ,
ವಿಜಯನಗರ, ಬೆಂಗಳೂರು